ಗೂರಲಿಗೆ ಹೊಗೆ, ಗೂರಲಿಗೆ ಗಾಳಿ

ಚಿನಕುರಳಿಯ ಹೆಸರು ಇತಿಹಾಸದ ಪುಸ್ತಕಗಳಿಗೆ ಹತ್ತಿದ್ದು ಒಂದು ದಿನದ ದೆಸೆಯಿಂದ. 1771ರ ಮಾರ್ಚ್ 5ರಂದು ಮೇಲುಕೋಟೆಯಿಂದ ಶ್ರೀರಂಗಪಟ್ಟಣದ ಕಡೆಗೆ ಹಿಂದೆ ಸರಿಯುತ್ತಿದ್ದ ಹೈದರಾಲಿಯ ಸೈನ್ಯವನ್ನು ತ್ರ್ಯಂಬಕರಾಯನ ಮರಾಠಾ ಪಡೆ ಇಲ್ಲಿ ಅಟ್ಟಿಸಿ ಹಿಡಿದು ಚಿಂದಿ ಮಾಡಿತು. ಹೈದರ್ ಕುದುರೆಯೇರಿ ಪಟ್ಟಣ ಸೇರಿಕೊಂಡ. ಈಗ ಪಾಂಡವಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಈ ಊರಿನ ಸುತ್ತಮುತ್ತ ಹೊಗೆ ಎದ್ದರೆ ಅದು ತೋಪಿನದಲ್ಲ, ಆಲೆಮನೆಯದು.

ಆಲೆಮನೆಯ ಒಲೆಗೆ ಹಾಕುವುದು ಗಾಣದಿಂದ ಹೊರಬಿದ್ದ ಕಬ್ಬಿನ ಸಿಪ್ಪೆಯನ್ನೇ; ಅದಕ್ಕೆ ರಚ್ಚು ಎನ್ನುತ್ತಾರೆ. ಬಿಸಿಲಿಗೆ ಹರಡಿ ಒಣಗಿಸಿದ ರಚ್ಚನ್ನು ಒಬ್ಬಾತ ಒಲೆಯ ಬಾಯಿಗೆ ತುರುಕುತ್ತಲೇ ಇರಬೇಕು. ಉರಿ ತಗ್ಗಿದರೆ ಕೊಪ್ಪರಿಗೆಯ ಪಾಕ ಕೆಡುತ್ತದೆ. ಮಂಜು ಬೀಳುವ ಕಾಲದ ಬೆಳಗಿನಲ್ಲಿ ಆ ಹೊಗೆ ಮೇಲಕ್ಕೆ ಏಳದೆ ಗದ್ದೆಯ ಮೇಲೇ ಮಲಗಿರುತ್ತದೆ. ಅದೇ ಹೊತ್ತಿಗೆ ಊರೊಳಗೆ ಯಾರದೋ ಮನೆಯಿಂದ ಸುಯ್ಯೆನ್ನುವ ಸದ್ದು. ಮುದುಕನೊಬ್ಬ ಮಂಚದ ಅಂಚಿಗೆ ಕುಳಿತು, ಎರಡೂ ಕೈ ಮಂಡಿಗೆ ಊರಿ, ಒಳಗಿನ ಗಾಳಿಯನ್ನು ಹೊರಗೆ ದಬ್ಬಲು ಹೆಣಗುತ್ತಿರುತ್ತಾನೆ. ಈ ಸೀಮೆಯಲ್ಲಿ ಅದಕ್ಕೆ ಗೂರಲು ಅಂತ ಹೆಸರು. ಉಬ್ಬಸ ಎಂದರೂ ಅದೇ, ದಮ್ಮು ಎಂದರೂ ಅದೇ. ಆದರೆ ಗೂರಲು ಎನ್ನುವ ಮಾತಿನಲ್ಲಿ ಎದೆಯೊಳಗಿನ ಸದ್ದೂ ಕೇಳಿಸುತ್ತದೆ.

ಉಸಿರು ಒಳಗೆ ಹೋಗುವುದು ಕಷ್ಟ ಅಂತ ನೋಡುವವರಿಗೆ ಅನ್ನಿಸುತ್ತದೆ. ನಿಜವಾದ ಕಷ್ಟ ಹೊರಗೆ ಬಿಡುವುದರಲ್ಲಿದೆ. ಶ್ವಾಸಕೋಶದೊಳಗೆ ಕವಲೊಡೆದು ಹರಡಿದ ಸಣ್ಣ ನಾಳಗಳ ಗೋಡೆಯಲ್ಲಿ ನಮ್ಮ ಮಾತು ಕೇಳದ ಸ್ನಾಯುವಿನ ಪದರವಿದೆ. ರಾತ್ರಿ ನಿದ್ದೆಯಲ್ಲಿ ಮೀನಖಂಡ ಹಿಡಿದುಕೊಂಡಂತೆ ಅದೂ ಹಿಡಿದುಕೊಂಡರೆ ನಾಳ ಕಿರಿದಾಗುತ್ತದೆ. ಮೇಲಿಂದ ಊತ, ಕಫ. ಮೀನಖಂಡವನ್ನಾದರೆ ಕೈಯಿಂದ ನೀವಬಹುದು, ಕಾಲು ಚಾಚಬಹುದು. ಎದೆಯೊಳಗಿನ ಸ್ನಾಯುವನ್ನು ನೀವುವುದು ಹೇಗೆ? ಸಾವಿರಾರು ವರ್ಷ ಮನುಷ್ಯ ಹುಡುಕಿದ್ದು ಈ ಪ್ರಶ್ನೆಗೆ ಉತ್ತರವನ್ನೇ. ಆ ಹುಡುಕಾಟದ ಒಂದು ದಾರಿ ದಕ್ಷಿಣ ಭಾರತದ ಹಿತ್ತಿಲಿನಿಂದ ಹೊರಟಿತು, ಇನ್ನೊಂದು ಅಮೆರಿಕದ ಕಸಾಯಿಖಾನೆಯಿಂದ.

ಚರಕಸಂಹಿತೆ ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿ, ಇಂದಿನ ಅಸ್ತಮಾವನ್ನು ಹೋಲುವುದನ್ನು ತಮಕಶ್ವಾಸ ಎಂದು ಕರೆಯಿತು. ಮೋಡ ಕವಿದಾಗ, ತಣ್ಣನೆ ಗಾಳಿ ಬೀಸಿದಾಗ ಹೆಚ್ಚುತ್ತದೆ, ಮಲಗಿದರೆ ಕಷ್ಟ, ಕುಳಿತರೆ ಸ್ವಲ್ಪ ಹಗುರ ಎಂಬ ಅದರ ವಿವರಣೆಯನ್ನು ಇವತ್ತಿನ ವೈದ್ಯರೂ ತಿದ್ದಬೇಕಾಗಿಲ್ಲ. ಕನ್ನಡದಲ್ಲೂ ವೈದ್ಯ ಬರೆಯುವ ಪರಂಪರೆ ಹಳೆಯದು. ಜಗದ್ದಳ ಸೋಮನಾಥ 12ನೇ ಶತಮಾನದಲ್ಲೇ ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ. ಆದರೆ ಹಳ್ಳಿಯ ಗೂರಲಿಗೆ ಗ್ರಂಥ ಬೇಕಿರಲಿಲ್ಲ. ತಿಪ್ಪೆಯ ಪಕ್ಕದಲ್ಲಿ, ಪಾಳುಗುಡಿಯ ಗೋಡೆಯ ಬುಡದಲ್ಲಿ ಉಮ್ಮತ್ತಿ ಬೆಳೆಯುತ್ತಿತ್ತು.

ಉಮ್ಮತ್ತಿ ಎಂದರೂ ಮದಗುಣಿಕೆ ಎಂದರೂ ದತ್ತೂರಿ ಎಂದರೂ ಒಂದೇ ಗಿಡ. ಶಿವನ ಪೂಜೆಗೆ ಹೂವು, ತಿಂದವನಿಗೆ ಹುಚ್ಚು, ಗೂರಲಿನವನಿಗೆ ಹೊಗೆ. ಒಣಗಿಸಿದ ಎಲೆಯನ್ನು ಪುಡಿಮಾಡಿ ಬೀಡಿಯಂತೆ ಸುತ್ತಿಯೋ ಚಿಲುಮೆಗೆ ತುಂಬಿಯೋ ಎಳೆದರೆ ಬಿಗಿದ ಎದೆ ಸಡಿಲಾಗುತ್ತಿತ್ತು. ಉಬ್ಬಸಕ್ಕೆ ಹೊಗೆಯೇ ಮದ್ದು ಎಂದರೆ ಇವತ್ತು ನಗು ಬರಬಹುದು. ಕಾರಣ ಮಾತ್ರ ಗಟ್ಟಿಯಾದದ್ದು. ಈ ಗಿಡದಲ್ಲಿರುವ ಅಟ್ರೋಪಿನ್ ಜಾತಿಯ ಸತ್ವಗಳು, ಶ್ವಾಸನಾಳವನ್ನು ಬಿಗಿ ಎಂದು ಹೇಳುವ ನರದ ಸಂದೇಶವನ್ನೇ ನಡುದಾರಿಯಲ್ಲಿ ತಡೆಯುತ್ತವೆ.

ಈ ಹಿತ್ತಿಲ ಮದ್ದು ಪರದೇಶಕ್ಕೆ ಹೋದ ಕಥೆಯಲ್ಲಿ ಮದ್ರಾಸಿನ ಫಿಜಿಶಿಯನ್ ಜನರಲ್ ಜೇಮ್ಸ್ ಆಂಡರ್ಸನ್ ಬರುತ್ತಾನೆ. ಸ್ಕಾಟ್ಲೆಂಡಿನವನಾದ ಈತನಿಗೆ ರೋಗಿಗಳಷ್ಟೇ ಗಿಡಗಳ ಗೀಳು. ಟಿಪ್ಪು ಬಂಗಾಳದಿಂದ ರೇಷ್ಮೆಹುಳು ತರಿಸಿ ಮೈಸೂರಿನಲ್ಲಿ ಹಿಪ್ಪುನೇರಳೆ ಹಾಕಿಸುತ್ತಿದ್ದ ಕಾಲದಲ್ಲೇ ಆಂಡರ್ಸನ್ ಮದ್ರಾಸಿನಲ್ಲಿ ಅದೇ ಪ್ರಯೋಗಕ್ಕೆ ಕೈಹಾಕಿದ್ದ. ಸೈದಾಪೇಟೆಯಲ್ಲಿ ಬಣ್ಣದ ಹುಳು ಸಾಕಲು ಪಾಪಾಸುಕಳ್ಳಿಯ ತೋಟವನ್ನೇ ಬೆಳೆಸಿದ್ದ. ಸುತ್ತಲಿನ ಜನ ಉಬ್ಬಸಕ್ಕೆ ದತ್ತೂರಿಯ ಹೊಗೆ ಎಳೆಯುವುದು ಅವನ ಗಮನಕ್ಕೆ ಬಂತು. ಅವನಿಂದ ತಿಳಿದುಕೊಂಡ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಆ ಸಾಮಗ್ರಿಯನ್ನು ಬ್ರಿಟನ್ನಿಗೆ ಕೊಂಡೊಯ್ದು ಎಡಿನ್‌ಬರೋದ ವೈದ್ಯ ಸಿಮ್ಸ್‌ಗೆ ಕೊಟ್ಟ. ಅಂದರೆ ಶ್ರೀರಂಗಪಟ್ಟಣದ ಕೋಟೆ ಬಿದ್ದು ಮೂರೇ ವರ್ಷಕ್ಕೆ. ಅಲ್ಲಿಂದ ಸಾಗಿಸಿದ ಲೂಟಿಯ ಪಟ್ಟಿಗಳನ್ನು ಇತಿಹಾಸಕಾರರು ಎಣಿಸಿ ಎಣಿಸಿ ಬರೆದಿದ್ದಾರೆ. ಒಣಗಿದ ಗಿಡದ ಈ ಗಂಟಿನ ಲೆಕ್ಕ ವೈದ್ಯಕೀಯದ ಇತಿಹಾಸದಲ್ಲಿ ಮಾತ್ರ ಸಿಗುತ್ತದೆ.

ಭಾರತದ ಗಿಡ ಸಿಗುವುದು ಕಷ್ಟವಾದಾಗ ಅಲ್ಲಿನವರು ತಮ್ಮ ಬೇಲಿಯ ಸಾಲಿನಲ್ಲಿದ್ದ ಅದರ ದಾಯಾದಿಯನ್ನೇ ಹಿಡಿದರು. 19ನೇ ಶತಮಾನ ಮುಗಿಯುವ ಹೊತ್ತಿಗೆ ಅಸ್ತಮಾ ಸಿಗರೇಟು ಯೂರೋಪಿನ ಅಂಗಡಿಗಳಲ್ಲಿ ಮಾಮೂಲಿ ಸರಕಾಗಿತ್ತು. ಫ್ರೆಂಚ್ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಮುಚ್ಚಿದ ಕೋಣೆಯಲ್ಲಿ ಇಂಥ ಹೊಗೆ ಹಾಕಿಕೊಂಡೇ ಬರೆಯುತ್ತಿದ್ದ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಗಿಡ ಆಡುಸೋಗೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಇದೊಂದು ಅಪವಾದ ಎನ್ನುತ್ತಾರೆ, ಅಷ್ಟು ಕಹಿ. ಅದಕ್ಕೇ ಬೇಲಿಗೆ ನೆಡುತ್ತಿದ್ದರು. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ವವನ್ನು ಮಾದರಿಯಾಗಿಟ್ಟುಕೊಂಡು ಜರ್ಮನಿಯವರು 1960ರ ದಶಕದಲ್ಲಿ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ತಯಾರಿಸಿದರು.

ಇನ್ನೊಂದು ದಾರಿಯ ಕಥೆ ಬೇರೆಯೇ. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಲ್ಲಿ ಏನೋ ಉಗ್ರವಾದ ವಸ್ತುವಿದೆ ಎಂದು 1890ರ ದಶಕದಲ್ಲಿ ಲಂಡನ್ನಿನಲ್ಲಿ ಗೊತ್ತಾಯಿತು. ಕಸಾಯಿಖಾನೆಯ ದನಗಳ ಗ್ರಂಥಿ ಅರೆದು ಆ ವಸ್ತುವನ್ನು ಹರಳಿನ ರೂಪದಲ್ಲಿ ತೆಗೆದವನು ಅಮೆರಿಕದಲ್ಲಿ ನೆಲೆಸಿದ್ದ ಜಪಾನಿ ರಸಾಯನಜ್ಞ ಜೋಕಿಚಿ ತಕಾಮಿನೆ. ವರ್ಷ 1900. ಹುಲಿ ಎದುರಾದಾಗ ಎದೆ ಡವಗುಟ್ಟಿಸಿ, ಕಾಲಿಗೆ ಓಟ ಕೊಡುವ ರಸ ಅದು. ಓಡುವವನಿಗೆ ಉಸಿರೂ ಬೇಕಲ್ಲ, ಹಾಗಾಗಿ ಶ್ವಾಸನಾಳವನ್ನೂ ಅಗಲಿಸುತ್ತದೆ. 1903ರಲ್ಲಿ ನ್ಯೂಯಾರ್ಕಿನ ಬುಲೋವಾ ಮತ್ತು ಕಾಪ್ಲನ್ ಎಂಬ ವೈದ್ಯರು ಅದನ್ನು ಚರ್ಮದಡಿ ಚುಚ್ಚಿ ಅಸ್ತಮಾ ಇಳಿದದ್ದನ್ನು ವರದಿ ಮಾಡಿದರು. ಮುಂದೆ ದೊಡ್ಡಾಸ್ಪತ್ರೆಗಳಲ್ಲಿ ಅಡ್ರಿನಲಿನ್ ಸೂಜಿಯೇ ಬ್ರಹ್ಮಾಸ್ತ್ರವಾಯಿತು. ಕೆಲವೇ ನಿಮಿಷಗಳಲ್ಲಿ ಉಸಿರು ಸಡಿಲವಾಗುತ್ತಿತ್ತು. ಕೈ ನಡುಕ, ಎದೆ ಬಡಿತ, ಕಾರಣವಿಲ್ಲದ ಭಯವೂ ಅದರ ಬೆನ್ನಿಗೇ ಬರುತ್ತಿದ್ದವು. ಬಾಯಿಂದ ನುಂಗಿದರೆ ಕೆಲಸ ಮಾಡುತ್ತಿರಲಿಲ್ಲ. ಹಳ್ಳಿಯವನಿಗೆ ಅದರಿಂದ ಏನು ಉಪಯೋಗ? ಅರ್ಧರಾತ್ರಿ ಎದೆ ಬಿಗಿದರೆ ಸೂಜಿ ಹಾಕುವವನು ಎಲ್ಲಿದ್ದಾನೆ?

ಆ ಕೊರತೆ ತುಂಬಿದ್ದು ಎಫಿಡ್ರಿನ್. ಚೀನೀಯರು ಬಳಸುತ್ತಿದ್ದ ಮಾ-ಹುವಾಂಗ್ ಗಿಡದಿಂದ ಜಪಾನಿನ ನಾಗಾಯಿ 1885ರಲ್ಲೇ ಅದನ್ನು ಬೇರ್ಪಡಿಸಿದ್ದ. 1920ರ ದಶಕದಲ್ಲಿ ಪೀಕಿಂಗಿನ ಚೆನ್ ಮತ್ತು ಶ್ಮಿಟ್ ಅದರ ಗುಣಗಳನ್ನು ಜಗತ್ತಿಗೆ ತೋರಿಸಿದರು. ಕಲ್ಕತ್ತಾದ ಉಷ್ಣವಲಯ ವೈದ್ಯಶಾಲೆಯಲ್ಲಿ ರಾಮನಾಥ ಚೋಪ್ರಾ, ಹಿಮಾಲಯದ ತಪ್ಪಲಲ್ಲೂ ಅದರ ಬಂಧುಗಳಿವೆ ಎಂದು ಹುಡುಕಿ ಪರೀಕ್ಷಿಸಿದರು. ಎಫಿಡ್ರಿನ್‌ಗೆ ಥಿಯೋಫಿಲಿನ್ ಮತ್ತು ನಿದ್ದೆ ತರಿಸುವ ಫಿನೋಬಾರ್ಬಿಟೋನ್ ಬೆರೆಸಿದ ಮಾತ್ರೆ ದಶಕಗಳ ಕಾಲ ಭಾರತದ ಉಬ್ಬಸಿಗರ ಜೇಬಿನಲ್ಲಿತ್ತು. ಒಂದು ನಿದ್ದೆ ಕೆಡಿಸುತ್ತದೆ, ಅದಕ್ಕೆಂದು ಇನ್ನೊಂದು ನಿದ್ದೆ ತರಿಸುತ್ತದೆ. ಔಷಧಶಾಸ್ತ್ರದಲ್ಲೂ ಅತ್ತೆ-ಸೊಸೆಯರನ್ನು ಒಂದೇ ಮನೆಯಲ್ಲಿ ಇಟ್ಟಂಥ ಏರ್ಪಾಡು.

ಎಫಿಡ್ರಿನ್ ಇನ್ನೊಂದು ಕಡೆಯೂ ಆಕಸ್ಮಿಕವಾಗಿ ಕೆಲಸಕ್ಕೆ ಬಂತು. ಅಮೆರಿಕದ ಹ್ಯಾರಿಯೆಟ್ ಎಡ್ಜ್‌ವರ್ತ್ ಎಂಬಾಕೆಗೆ ಮಯಸ್ತೀನಿಯಾ ಗ್ರಾವಿಸ್ ಎಂಬ, ಸ್ನಾಯುಗಳು ಬೇಗ ಸೋಲುವ ಕಾಯಿಲೆ ಇತ್ತು. ಮುಟ್ಟಿನ ಹೊಟ್ಟೆನೋವಿನ ಸೆಳೆತಕ್ಕೆಂದು ನುಂಗಿದ ಎಫಿಡ್ರಿನ್‌ನಿಂದ ಕೈಕಾಲಿಗೆ ಬಲ ಬಂದದ್ದನ್ನು ಗಮನಿಸಿ, 1930ರಲ್ಲಿ ತಾವೇ ವೈದ್ಯಪತ್ರಿಕೆಗೆ ಬರೆದರು. ಸೆಳೆತ ಬಿಡಿಸುವ ಮದ್ದು ಸೋತ ಸ್ನಾಯುವಿಗೆ ಕಸುವನ್ನೂ ಕೊಟ್ಟಿತ್ತು. ಒಂದೇ ಮದ್ದಿಗೆ ಎರಡು ಗುಣ ಹೇಗೆ ಎಂಬ ಗೊಂದಲಕ್ಕೆ ಸುಳಿವು ಸಿಗಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು.

1948ರಲ್ಲಿ ಅಮೆರಿಕದ ಜಾರ್ಜಿಯಾದ ರೇಮಂಡ್ ಆಲ್‌ಕ್ವಿಸ್ಟ್, ಅಡ್ರಿನಲಿನ್ ಹೋಗಿ ಕೂರುವ ಜಾಗಗಳು ಒಂದೇ ಬಗೆಯವಲ್ಲ, ಎರಡು ಬಗೆ ಎಂದ. ಆಲ್ಫಾ ಬಿಗಿಸುತ್ತದೆ, ಬೀಟಾ ಶ್ವಾಸನಾಳದ ಸ್ನಾಯುವನ್ನು ಸಡಿಲಿಸುತ್ತದೆ, ಹೃದಯವನ್ನು ಓಡಿಸುತ್ತದೆ. ಔಷಧಶಾಸ್ತ್ರದ ಪ್ರಮುಖ ಪತ್ರಿಕೆ ಈ ಪ್ರಬಂಧವನ್ನು ತಿರಸ್ಕರಿಸಿತು. ಬೇರೆ ಪತ್ರಿಕೆಯಲ್ಲಿ ಅಚ್ಚಾಯಿತು. ಬೀಟಾವನ್ನು ಮಾತ್ರ ತಟ್ಟುವ ಐಸೋಪ್ರೆನಲಿನ್ ಆಗಲೇ ಇತ್ತು. ಅದನ್ನು ಎದೆಗೆ ಮುಟ್ಟಿಸಲು ರಬ್ಬರ್ ಬುಗ್ಗೆಯ ಗಾಜಿನ ಪಿಚಕಾರಿ ಬಳಸಬೇಕಿತ್ತು. ರೈಕರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್‌ಗೆ ಉಬ್ಬಸದ ಮಗಳಿದ್ದಳು. ಕೂದಲಿಗೆ ಸಿಂಪಡಿಸುವ ಡಬ್ಬಿಯ ಹಾಗೆ ನನ್ನ ಔಷಧವನ್ನೂ ಯಾಕೆ ತುಂಬಬಾರದು ಎಂದು ಆಕೆ ಕೇಳಿದಳಂತೆ. 1956ರಲ್ಲಿ ಅಳತೆಯ ಗುಕ್ಕು ಬಿಡುವ ಮೊದಲ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

ಆಮೇಲಿನ ಅಧ್ಯಾಯ ಸಾವಿನದು. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಸ್ತಮಾದಿಂದ ಸಾಯುವ ಎಳೆಯರ ಸಂಖ್ಯೆ ಏಕಾಏಕಿ ಏರಿತು. ಹಲವರು ಸತ್ತಾಗ ಪಕ್ಕದಲ್ಲಿ ಇನ್‌ಹೇಲರ್ ಡಬ್ಬಿ ಇರುತ್ತಿತ್ತು. ಸ್ಪೈಜರ್, ಡಾಲ್ ಮತ್ತು ಹೀಫ್ ಎಂಬ ಸಂಶೋಧಕರು 1968ರಲ್ಲಿ ಬೆರಳು ತೋರಿಸಿದ್ದು ಐಸೋಪ್ರೆನಲಿನ್ ಕಡೆಗೆ. ಹೃದಯವನ್ನೂ ತಟ್ಟುವ ಔಷಧ. ಜೊತೆಗೆ, ಉಸಿರು ಸರಿಹೋಯಿತೆಂಬ ನೆಮ್ಮದಿಯಲ್ಲಿ ರೋಗಿ ಆಸ್ಪತ್ರೆಗೆ ತಡವಾಗಿ ಹೋಗುತ್ತಿದ್ದ. ಒಳಗಿನ ಊತ ಹಾಗೇ ಉಳಿಯುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚಿನ ತಪ್ಪಿತಸ್ಥ ಎಂಬ ಜಗಳ ಬಹಳ ಕಾಲ ನಡೆಯಿತು.

ಅಷ್ಟರಲ್ಲಿ, 1967ರಲ್ಲಿ, ಬೀಟಾದೊಳಗೂ ಎರಡು ಬಗೆ ಇವೆ ಎಂದು ಲ್ಯಾಂಡ್ಸ್ ಎಂಬ ಸಂಶೋಧಕ ತೋರಿಸಿದ: ಮೊದಲನೆಯದು ಹೆಚ್ಚಾಗಿ ಹೃದಯದ್ದು, ಎರಡನೆಯದು ಶ್ವಾಸನಾಳದ್ದು. ಇಂಗ್ಲೆಂಡಿನ ವೇರ್ ಎಂಬ ಸಣ್ಣ ಪಟ್ಟಣದ ಆಲನ್ ಅಂಡ್ ಹ್ಯಾನ್‌ಬರೀಸ್ ಪ್ರಯೋಗಾಲಯದಲ್ಲಿ ಡೇವಿಡ್ ಜಾಕ್‌ನ ತಂಡ ಎರಡನೆಯದನ್ನೇ ಹುಡುಕಿಕೊಂಡು ಹೋಗುವ ಅಣುವನ್ನು ಕಟ್ಟಿತು. ಜಾಕ್ ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಯಾಳಿನ ಮಗ. ಆ ಅಣುವೇ 1969ರಲ್ಲಿ ಮಾರಾಟಕ್ಕೆ ಬಂದ ಸಾಲ್ಬುಟಮಾಲ್. ಅದೇ ಕಾಲದಲ್ಲಿ ಸ್ವೀಡನ್ನಿನಲ್ಲಿ ಅದರ ತಮ್ಮನಂಥ ಟರ್ಬ್ಯುಟಲಿನ್ ಹುಟ್ಟಿತು. ಇವತ್ತು ಹೋಬಳಿ ಮಟ್ಟದ ಔಷಧದಂಗಡಿಯಲ್ಲೂ ಸಿಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಈ ಟರ್ಬ್ಯುಟಲಿನ್ ಮತ್ತು ಆಡುಸೋಗೆಯ ಮೊಮ್ಮಗ ಬ್ರೋಮ್‌ಹೆಕ್ಸಿನ್ ಒಂದೇ ಬಾಟಲಿಯಲ್ಲಿರುತ್ತವೆ. ಕುಡಿಯುವವರಿಗೆ ಆ ನಂಟು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಶ್ವಾಸನಾಳದ ಸ್ನಾಯುವನ್ನು ಸಡಿಲಿಸುವುದಾದರೆ ಬೇರೆ ಸ್ನಾಯುಗಳನ್ನು ಯಾಕೆ ಸಡಿಲಿಸಬಾರದು? ಸಂಶೋಧಕರು ಆ ಕಡೆಗೂ ಹೊರಳಿದರು. ಗರ್ಭಕೋಶದಲ್ಲೂ ಎರಡನೆಯ ಬಗೆಯ ಬೀಟಾ ಇದೆ. ದಿನ ತುಂಬುವ ಮುನ್ನ ನೋವು ಕಾಣಿಸಿದರೆ ಟರ್ಬ್ಯುಟಲಿನ್, ರಿಟೋಡ್ರಿನ್, ಐಸಾಕ್ಸುಪ್ರಿನ್ ಕೊಡುವ ರೂಢಿ ಹೀಗೆ ಬಂತು. ಕೊನೆಯದನ್ನು ಭಾರತದ ಬಸುರಿಯರು ಬಹಳ ಕಾಲ ನುಂಗಿದ್ದಾರೆ. ಹೆರಿಗೆಯನ್ನು ಅದು ಎಷ್ಟು ದಿನ ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಮಾತ್ರ ಕಡಿಮೆ. ಕೈಕಾಲಿನ ಸ್ನಾಯುವಿನಲ್ಲಿ ಲೆಕ್ಕ ಬೇರೆ. ಅಲ್ಲಿ ಈ ಔಷಧ ಪೊಟ್ಯಾಸಿಯಮ್ಮನ್ನು ರಕ್ತದಿಂದ ಜೀವಕೋಶದೊಳಕ್ಕೆ ತಳ್ಳುತ್ತದೆ. 1976ರಲ್ಲಿ ವಾಂಗ್ ಮತ್ತು ಕ್ಲಾಸೆನ್ ಎಂಬ ಸಂಶೋಧಕರು ಇದನ್ನೇ ಹಿಡಿದು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಮೈ ಸತ್ತಂತಾಗುವ ಒಂದು ವಂಶವಾಹಿ ಕಾಯಿಲೆಯ ರೋಗಿಗೆ ಸಾಲ್ಬುಟಮಾಲ್ ಎಳೆಸಿದರು. ಅದು ಫಲ ಕೊಟ್ಟಿತು. ಹೆಚ್ಚು ಎಳೆದವರಿಗೆ ಬೆರಳು ನಡುಗುವುದು, ಕಾಲಿನ ಸ್ನಾಯು ಹಿಡಿದುಕೊಳ್ಳುವುದು ಕೂಡ ಈ ಔಷಧದ ಗೊತ್ತಿರುವ ತೊಂದರೆಗಳೇ. ಎದೆಯ ಹಿಡಿತ ಬಿಡಿಸಿದ ಮದ್ದೇ ಮೀನಖಂಡವನ್ನು ಹಿಡಿಸುತ್ತದೆ.

ಮಂಡ್ಯ ಸೀಮೆಗೆ ನೀಲಿ ಪಂಪು, ಅಂದರೆ ಸಾಲ್ಬುಟಮಾಲ್ ಇನ್‌ಹೇಲರ್, ತಲುಪಿದ ಹಾದಿಯಲ್ಲಿ ಒಂದು ಕಾನೂನಿದೆ. 1970ರಲ್ಲಿ ಅಂಗೀಕಾರವಾಗಿ 1972ರಲ್ಲಿ ಜಾರಿಯಾದ ಪೇಟೆಂಟ್ ಕಾಯ್ದೆ, ಔಷಧಕ್ಕಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಎಂದಿತು. ಬೇರೆ ವಿಧಾನದಿಂದ ಅದೇ ಔಷಧ ತಯಾರಿಸಲು ಇಲ್ಲಿನ ಕಂಪನಿಗಳಿಗೆ ದಾರಿಯಾಯಿತು. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಮುಂಬೈಯಲ್ಲಿ ಕಟ್ಟಿದ ಸಿಪ್ಲಾ ಕಂಪನಿ 1976ರಲ್ಲಿ ಅಸ್ತಮಾದ ಏರೋಸಾಲ್‌ಗಳನ್ನು ಹೊರತಂದಿತು. ಮುಂದೆ ಅದರ ಆಸ್ತಾಲಿನ್ ಎಂಬ ಹೆಸರು ಸಾಲ್ಬುಟಮಾಲಿಗೆ ಬದಲಿ ಪದವೇ ಆಯಿತು.

ಔಷಧ ಬಂತು, ನಂಬಿಕೆ ಬರಲಿಲ್ಲ. ಪಂಪು ಹಿಡಿದರೆ ಸಾಯುವ ತನಕ ಬಿಡಲಾಗದು ಎಂಬ ಮಾತು ಪಾಂಡವಪುರದಲ್ಲೂ ಇದೆ, ನಾಗಮಂಗಲದಲ್ಲೂ ಇದೆ. ಹೆಣ್ಣುಮಗಳು ಪಂಪು ಎಳೆಯುವುದು ಗಂಡಿನ ಕಡೆಯವರಿಗೆ ಗೊತ್ತಾಗಬಾರದು ಎಂಬ ಮುಚ್ಚುಮರೆ ಬೇರೆ. ಥಿಯೋಫಿಲಿನ್ ಜಾತಿಯ ಡೆರಿಫಿಲಿನ್ ಸೂಜಿ ಹಾಕಿಸಿಕೊಂಡು ಬಂದರೆ ಅದು ಗೌರವದ ಚಿಕಿತ್ಸೆ; ಬಾಯಿಗೆ ಡಬ್ಬಿ ಇಟ್ಟರೆ ಕೊನೆಗಾಲ. ಒಂದು ಗುಕ್ಕಿನಲ್ಲಿರುವುದು 100 ಮೈಕ್ರೋಗ್ರಾಂ, ಒಂದು ಮಾತ್ರೆಯಲ್ಲಿ ಅದರ ಇಪ್ಪತ್ತು, ನಲವತ್ತು ಪಟ್ಟು. ಹೀಗಿದ್ದೂ ಪಂಪೇ ಸ್ಟ್ರಾಂಗು ಎಂದು ಜನ ಹೆದರುತ್ತಾರೆ. ಮೃಗಶಿರಾ ಮಳೆ ಹುಟ್ಟುವ ದಿನ ಕೊಪ್ಪಳದ ಕುಟುಗನಹಳ್ಳಿಗೆ ಅಸ್ತಮಾ ಔಷಧಕ್ಕೆಂದು ಸಾಲುಗಟ್ಟುವವರು, ಹೈದರಾಬಾದಿನಲ್ಲಿ ಬಾಯಿಗೆ ಜೀವಂತ ಕೊರಮೀನು ಹಾಕಿಸಿಕೊಳ್ಳಲು ರೈಲು ಹತ್ತುವವರು ಎಲ್ಲರೂ ದಡ್ಡರೇನಲ್ಲ. ಬಿಟ್ಟೂ ಬಿಟ್ಟೂ ಬರುವ ಕಾಯಿಲೆಗೆ ವರ್ಷಕ್ಕೊಮ್ಮೆ ಮುಗಿಯುವ ಚಿಕಿತ್ಸೆ ಬೇಕು ಎಂಬ ಆಸೆ ಸಹಜವೇ. ಮುಂಗಾರು ಕಾಲಿಡುವ ಆ ದಿನವನ್ನೇ ಆರಿಸಿದವರಿಗೆ ತಮಕಶ್ವಾಸದ ಲಕ್ಷಣ ಚೆನ್ನಾಗಿ ಗೊತ್ತಿತ್ತು ಅನ್ನಬೇಕು.

ಕಾಯಿಲೆಯೇನೂ ಕಾಯುತ್ತ ಕೂರಲಿಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟರು. 1979ರಲ್ಲಿ ಅಸ್ತಮಾ ಇದ್ದದ್ದು ನೂರಕ್ಕೆ 9 ಮಕ್ಕಳಿಗೆ. 1989ಕ್ಕೆ ಅದು 18.5, 1999ಕ್ಕೆ 29.5. ಉದ್ಯಾನನಗರಿಯ ಗಾಳಿಯ ಇತಿಹಾಸ ಬರೆಯುವವರಿಗೆ ಈ ಮೂರು ಅಂಕಿ ಸಾಕು.

ಹಳ್ಳಿಯ ಗಾಳಿ ಚೊಕ್ಕಟ ಎಂಬ ಭ್ರಮೆಯನ್ನೂ ಮೈಸೂರಿನವರೇ ಕಳೆದರು. ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ತಂಡ ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಸೌದೆ ಒಲೆಯ ಮುಂದೆ ಕೂರುವ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕ ಸರಳವಾಗಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಬೇಕು. ಗುಣಲಬ್ಧ 60 ಮುಟ್ಟಿದರೆ ತೀರದ ಕಫಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆ ಅಡುಗೆ ಮಾಡುವ ಸೊಸೆಗೆ ಇಪ್ಪತ್ತು ವರ್ಷ ಸಾಕು. ಹದಿನೆಂಟಕ್ಕೆ ಮದುವೆಯಾಗಿ ಬಂದವಳು ಮೂವತ್ತೆಂಟಕ್ಕೇ ಆ ಗೆರೆ ಮುಟ್ಟುತ್ತಾಳೆ.

ಆಲೆಮನೆಯ ಒಲೆಯ ಮುಂದಿನವನಿಗೆ ಇದೇ ಲೆಕ್ಕ ಹಾಕಿದರೆ ವರ್ಷಗಳು ಇನ್ನೂ ಕಡಿಮೆಯಾಗುತ್ತವೆ. ಅಲ್ಲಿ ಹೊಗೆಯ ಜೊತೆಗೆ ಇನ್ನೊಂದಿದೆ. ಮೊದಲು ಪಾಕದ ಕೊಳೆ ತೆಗೆಯಲು ಸುಣ್ಣ, ಬೆಂಡೆಗಿಡದ ಲೋಳೆ ಸಾಕಾಗಿತ್ತು. ಪೇಟೆಗೆ ಹಳದಿ ಬೆಲ್ಲವೇ ಬೇಕಾದಾಗ ಹೈಡ್ರೋಸ್ ಬಂತು. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಈ ಪುಡಿ ಬಿಸಿ ಪಾಕಕ್ಕೆ ಬಿದ್ದರೆ ಬಣ್ಣ ತಿಳಿಯಾಗುತ್ತದೆ, ಗಂಧಕದ ಡೈಆಕ್ಸೈಡ್ ಏಳುತ್ತದೆ. ಗೂರಲಿನವರ ಶ್ವಾಸನಾಳವನ್ನು ನಿಮಿಷಗಳಲ್ಲಿ ಬಿಗಿಸುವ ಅನಿಲ ಅದು. ಸಲ್ಫೈಟ್ ಜಾತಿಯ ರಾಸಾಯನಿಕಗಳು ಅಸ್ತಮಾ ಕೆರಳಿಸುತ್ತವೆಂದು 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಗೊತ್ತಾದಾಗ ಇನ್ನೊಂದು ಮುಜುಗರವೂ ಬಯಲಾಯಿತು: ಉಬ್ಬಸಕ್ಕೆಂದೇ ಮಾರುತ್ತಿದ್ದ ಐಸೋಪ್ರೆನಲಿನ್ ಜಾತಿಯ ಕೆಲವು ದ್ರಾವಣಗಳಿಗೂ ಕೆಡದಿರಲಿ ಎಂದು ಸಲ್ಫೈಟ್ ಬೆರೆಸಿದ್ದರು.

ನೀಲಿ ಪಂಪಿನ ಏಕಾಧಿಪತ್ಯ ಮುಗಿಯುತ್ತ ಬಂದಿದೆ. ಸ್ನಾಯುವಿನ ಹಿಡಿತವಷ್ಟೇ ಬಿಡಿಸಿ ಊತವನ್ನು ಮರೆತರೆ ಸಾವು ಹೆಚ್ಚುತ್ತದೆ ಎಂದು ಐಸೋಪ್ರೆನಲಿನ್ ಕಾಲದಲ್ಲಿ ಎದ್ದ ತಕರಾರನ್ನೇ, ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಬರೆಯುವ ಜೀನಾ ಸಂಸ್ಥೆ 2019ರಲ್ಲಿ ಒಪ್ಪಿಕೊಂಡಿತು. ದೊಡ್ಡವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ, ಊತ ಇಳಿಸುವ ಸ್ಟೀರಾಯ್ಡ್ ಜೊತೆಗಿರಲಿ ಎಂದಿತು.

ಆದರೂ ಅರ್ಧರಾತ್ರಿ ಎದೆ ಬಿಗಿದವನನ್ನು ಬೈಕಿನ ನಡುವೆ ಕೂರಿಸಿಕೊಂಡು ಬಂದಾಗ ಆಸ್ಪತ್ರೆಯಲ್ಲಿ ಮೊದಲು ಹುಡುಕುವುದು ನೆಬ್ಯುಲೈಸರನ್ನೇ. ನರ್ಸ್ ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯ ತಲೆ ಮುರಿದು ದ್ರಾವಣವನ್ನು ಬಟ್ಟಲಿಗೆ ಹಿಂಡುತ್ತಾರೆ. ಭಾರತದಲ್ಲಿ ಹೆಚ್ಚು ಓಡುವ ಅಂಥ ಮಿಶ್ರಣದಲ್ಲಿ ಎರಡು ಔಷಧಗಳಿರುತ್ತವೆ. ಒಂದು ಲಿವೊಸಾಲ್ಬುಟಮಾಲ್, ತಕಾಮಿನೆಯ ದನದ ಗ್ರಂಥಿಯ ವಂಶದ್ದು. ಇನ್ನೊಂದು ಇಪ್ರಟ್ರೋಪಿಯಂ, ಅದು ಅಟ್ರೋಪಿನ್ನಿನ ಕುಡಿ, ಅಂದರೆ ಉಮ್ಮತ್ತಿಯ ಮನೆತನದ್ದು. ಅದೇ ಆಸ್ಪತ್ರೆಯ ಬೀರುವಿನಲ್ಲಿ ಅಟ್ರೋಪಿನ್ ಆಂಪೂಲ್‌ಗಳೂ ಇರುತ್ತವೆ, ಹೊಲದ ಕೀಟನಾಶಕ ಕುಡಿದು ಸ್ನಾಯುಗಳೆಲ್ಲ ಅದುರುತ್ತ, ಎದೆ ತುಂಬ ನೀರಾಗಿ ಬಂದವರಿಗೆ. ಡೋಸು ಮೀರಿದರೆ ಅವರೂ ಮದಗುಣಿಕೆ ತಿಂದವರಂತೆ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಬಡಬಡಿಸುತ್ತಾರೆ. ಯಂತ್ರ ಗುರ್ರೆನ್ನುತ್ತದೆ, ಮುಖಕ್ಕೆ ಕಟ್ಟಿದ ಮಾಸ್ಕಿನ ಅಂಚಿನಿಂದ ಬೆಳ್ಳನೆಯ ಹಬೆ ಏಳುತ್ತದೆ. ಹತ್ತು ನಿಮಿಷಕ್ಕೆ ಎದೆ ಸಡಿಲವಾಗಿ, ಮುದುಕ ಮೊದಲ ಸಲ ಬೆನ್ನು ಗೋಡೆಗೆ ಆನಿಸಿ, ಕಟ್ಟಿಹಾಕಿ ಬಂದಿದ್ದ ಎಮ್ಮೆಯ ವಿಚಾರ ಕೇಳುತ್ತಾನೆ.